ತವರಿಗೆ ಬಂದವರ ಪಟ್ಟಿ

ಹದಿನೆಂಟು ವರ್ಷ ನಮಗೆ ಗುರಿ ಮೇಲಿಂದ ಬರುತ್ತಿತ್ತು. ಈ ತಿಂಗಳು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಕೇಸು ನಾಲ್ಕು, ಕಾಪರ್-ಟಿ ಆರು, ತರದಿದ್ದರೆ ಸಂಬಳ ತಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಮೇಲೆ ಕೂತಿದ್ದರು. ನಾವು ಕಟ್ಟಿ, ಕರುವಿನ ಬಣ್ಣವನ್ನೂ ಬರೆದು, ಸಹಿ ಹಾಕಿ ಕೊಡುತ್ತಿದ್ದೆವು. ಅಂಥದ್ದರಲ್ಲಿ ತೊಂಬತ್ತಾರರ ಆಗಸ್ಟ್ ಮೀಟಿಂಗಿನಲ್ಲಿ ಡಾಕ್ಟರು ಚನ್ನಕೇಶವ ಎದ್ದು ನಿಂತು, "ಇನ್ಮೇಲೆ ಗುರಿ ಇಲ್ಲ. ನಿಮ್ಮೂರಿಗೆ ಏನು ಬೇಕು ಅಂತ ನೀವೇ ಬರೀರಿ. ಹತ್ತು ವರ್ಷದ ಯೋಜನೆ ಇದು," ಅಂದಾಗ ನಾವು ಒಂಬತ್ತು ಜನ ನರ್ಸಮ್ಮಂದಿರು ಮುಖ ಮುಖ ನೋಡಿಕೊಂಡೆವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಕ್ಕವಳು ನಾನೇ ಇರಬೇಕು.

ನನ್ನ ಹೆಸರು ಆಂಜಿನಮ್ಮ. ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಕಳವಾರದಲ್ಲಿ. ಕೆಲಸ ಚಿಂತಾಮಣಿ ತಾಲ್ಲೂಕಿನ ಗಡಿಯ ಎರ್ರಕೋನಪಲ್ಲಿ ಉಪಕೇಂದ್ರದಲ್ಲಿ. ಉಪಕೇಂದ್ರ ಅಂದರೆ ಒಂದು ಬಾಡಿಗೆ ಕೋಣೆ, ಒಂದು ಬೀರು, ಒಂದು ಸೀಮೆಎಣ್ಣೆ ಸ್ಟವ್ ಮತ್ತು ನಾನು.

ಕೊಟ್ಟ ಹಾಳೆಗಳಲ್ಲಿ ಕಾಲಂಗಳು ಬೇಕಾದಷ್ಟಿದ್ದವು. ಬಸುರಿಯರು ಎಷ್ಟು, ಹೆರಿಗೆ ಎಷ್ಟು, ಸತ್ತ ಬಾಣಂತಿಯರು ಎಷ್ಟು, ದಿಕ್ಕಿಲ್ಲದ ಮುದುಕರು ಎಷ್ಟು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಯಾರು. ಕೊನೆಯ ಪುಟದಲ್ಲಿ 'ನಿಮ್ಮ ಸಲಹೆ' ಅಂತ ನಾಲ್ಕು ಗೆರೆ. ನನ್ನ ಸಲಹೆ ಕೇಳಿದ ಮೊದಲ ಸರ್ಕಾರಿ ಕಾಗದ ಅದು, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಆದರೆ ಅದರ ಜೊತೆಗೆ ಒಂದು ಕೊಕ್ಕೆಯೂ ಇತ್ತು. ವರ್ಷಕ್ಕೆ ಇಪ್ಪತ್ತೈದು ಹೆರಿಗೆಗಿಂತ ಕಡಿಮೆ ಇದ್ದ ಉಪಕೇಂದ್ರವನ್ನು ಮುಚ್ಚಿ ಹೋಬಳಿ ಕೇಂದ್ರಕ್ಕೆ ಸೇರಿಸುತ್ತಾರೆ. ಜಾಸ್ತಿ ಇದ್ದ ಕಡೆ ಹೆರಿಗೆ ಕೋಣೆ ಕಟ್ಟಿಸಿ, ಮೇಜು, ನೀರು, ದೀಪ ಕೊಟ್ಟು ನರ್ಸನ್ನು ಅಲ್ಲೇ ಇರಿಸುತ್ತಾರೆ.

ಡಾಕ್ಟರು ನನ್ನ ರಿಜಿಸ್ಟರನ್ನು ತಿರುವಿದರು. "ಹೋದ ವರ್ಷ ಹದಿಮೂರು ಹೆರಿಗೆ. ನಿಮ್ಮೂರು ಹೋಗ್ತದೆ ಆಂಜಿನಮ್ಮ."

"ಹೋಗ್ತದೆ ಅಂದ್ರೆ ಎಲ್ಲಿಗೆ ಸಾರ್? ಹೋಬಳಿ ಹದಿನೆಂಟು ಕಿಲೋಮೀಟ್ರು. ದಿನಕ್ಕೆ ಎರಡು ಬಸ್ಸು. ನೋವು ಬಂದೋಳು ಬಸ್ಸಿಗೆ ಕಾಯ್ಕೊಂಡು ಕೂತಿರ್ತಾಳಾ?"

"ನಾನೇನಮ್ಮಾ ಮಾಡ್ಲಿ, ನಿಮ್ಮ ನಂಬರ್ ಹಾಗೈತೆ. ಸರಿಯಾದ ನಂಬರ್ ತಂದ್ಕೊಡಿ, ನಾನು ಜಗಳ ಆಡ್ತೀನಿ. ಆದ್ರೆ ಪಂಚಾಯ್ತಿ ಅಧ್ಯಕ್ಷರ ಸಹಿ ಇರ್ಬೇಕು, ಇಲ್ದಿದ್ರೆ ಕೋಲಾರದ ಜಿಲ್ಲಾ ಆಫೀಸಲ್ಲಿ ಒಪ್ಪಲ್ಲ. ಇಪ್ಪತ್ತು ದಿನ ಟೈಮು."

ನಮ್ಮ ಪಂಚಾಯ್ತಿಗೆ ಹೆಂಗಸರ ಮೀಸಲಿನಲ್ಲಿ ಬಂದ ಅಧ್ಯಕ್ಷೆ ಕದಿರಮ್ಮ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುಮನೆ ಇಟ್ಟುಕೊಂಡ ದೊಡ್ಡ ಮನೆ. ಅವರ ಮಗಳು ಶ್ಯಾಮಲಮ್ಮ ಸತ್ತ ಮೇಲೆ ಮೂರು ವರ್ಷ ನಾನು ಆ ಮನೆಯ ಮುಂದೆ ತಲೆಯೆತ್ತಿ ನಡೆದಿರಲಿಲ್ಲ.

ಊರಿಗೆ ಬಂದವಳೇ ಗಂಗುಲಮ್ಮನ ಮನೆಯಲ್ಲಿ ಕೂತು ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಬೈದೆ. ಗಂಗುಲಮ್ಮ ನಮ್ಮ ಕೇರಿಯ ಸೂಲಗಿತ್ತಿ, ನಮ್ಮ ಜನ, ವರಸೆಯಲ್ಲಿ ನನಗೆ ಅತ್ತೆ. ಎಪ್ಪತ್ತರ ಹತ್ತಿರ ವಯಸ್ಸು, ಬಾಯಲ್ಲಿ ಅರ್ಧ ತೆಲುಗು. ನಾನು ಹದಿಮೂರು ಅಂದಿದ್ದೇ ತಡ, ಎಲೆಅಡಿಕೆ ಉಗಿದು ನಕ್ಕಳು.

"ಹದಿಮೂರಾ? ಏಮಮ್ಮಾ, ನಿನ್ನ ಪುಸ್ತಕಕ್ಕೆ ಕಣ್ಣಿಲ್ವಾ? ಹೋದ ಯುಗಾದಿಯಿಂದ ಈ ಯುಗಾದಿಗೆ ನಾನೊಬ್ಳೇ ಮೂವತ್ತು ಮಕ್ಕಳ ಹೊಕ್ಕಳು ಕೊಯ್ದಿದೀನಿ."

"ಯಾರ್ಯಾರದು ಹೇಳತ್ತೆ, ನೋಡೇಬಿಡಣ."

ಅವಳು ಬೀದಿ ಹಿಡಿದು ಹೇಳುತ್ತಾ ಹೋದಳು. ಚೆನ್ನರಾಯಪ್ಪನ ದೊಡ್ಡ ಮಗಳು, ನಲ್ಲಪ್ಪನ ಎರಡನೇ ಮಗಳು, ಕೊಂಡಮ್ಮನ ಮೊಮ್ಮಗಳು, ಮುನಿಶಾಮಿಯ ತಂಗಿ. ಎಂಟನೆಯ ಹೆಸರಿಗೆ ನನ್ನ ಪೆನ್ನು ನಿಂತಿತು. ಅಷ್ಟೂ ಜನ ಊರಿನ ಹೆಣ್ಣುಮಕ್ಕಳು. ಸೊಸೆ ಒಬ್ಬಳೂ ಇಲ್ಲ.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಪುಸ್ತಕ ನಡೆಯುವುದು ದಂಪತಿಗಳ ಹೆಸರಿನ ಮೇಲೆ. ಗಂಡನ ಊರಿನಲ್ಲಿ ಗಂಡನ ಹೆಸರು, ಅದರ ಕೆಳಗೆ ಹೆಂಡತಿ. ಅವಳು ಬಸುರಿಯಾದರೆ ಅಲ್ಲಿಯ ನರ್ಸು ಕಾರ್ಡು ಮಾಡಿ, ಸೂಜಿ ಹಾಕಿ, ಕಬ್ಬಿಣದ ಮಾತ್ರೆ ಕೊಡುತ್ತಾಳೆ. ಏಳನೇ ತಿಂಗಳಲ್ಲಿ ಬಳೆ ತೊಡಿಸಿ, ಮಡಿಲು ತುಂಬಿ ತವರಿಗೆ ಕಳಿಸುತ್ತಾರೆ. ಮೊದಲ ಹೆರಿಗೆ ತವರಿನದು, ಅದನ್ನು ತಪ್ಪಿಸುವ ಮನೆ ನಮ್ಮ ಸೀಮೆಯಲ್ಲಿಲ್ಲ. ಆಗ ಅಲ್ಲಿಯ ನರ್ಸು 'ತವರಿಗೆ ಹೋದರು' ಅಂತ ಬರೆದು ಗೆರೆ ಎಳೆಯುತ್ತಾಳೆ. ಇಲ್ಲಿಯ ನರ್ಸಿನ ಪುಸ್ತಕದಲ್ಲಿ ಆ ಹುಡುಗಿಗೆ ಜಾಗವೇ ಇಲ್ಲ, ಅವಳ ಗಂಡ ಈ ಊರಿನವನಲ್ಲವಲ್ಲ. ಮಗು ಎತ್ತಿಕೊಂಡು ಐದು ತಿಂಗಳಿಗೆ ಹಿಂದಿರುಗಿದಾಗ ಅದಕ್ಕೆ ಲಸಿಕೆ ಹಾಕುತ್ತಾರೆ, ಹೆರಿಗೆ ಎಲ್ಲಾಯಿತೆಂದು ಯಾರೂ ಕೇಳುವುದಿಲ್ಲ. ನಾನೂ ಹದಿನೆಂಟು ವರ್ಷ ಗೆರೆ ಎಳೆದವಳೇ. ಕಷ್ಟವಾದ ಮೊದಲ ಹೆರಿಗೆಗಳೆಲ್ಲ ಎರಡು ಪುಸ್ತಕಗಳ ನಡುವೆ ಬಿದ್ದುಹೋಗಿದ್ದವು, ಮತ್ತು ಆ ಪುಸ್ತಕ ನೋಡಿಕೊಂಡು ಹತ್ತು ವರ್ಷದ ಯೋಜನೆ ಮಾಡಲು ಹೊರಟಿದ್ದರು. ಅಯ್ಯೋ ನಮ್ಮ ಬುದ್ಧಿಗಿಷ್ಟು!

ಮಾರನೆಯ ಬೆಳಗಿನಿಂದ ಮನೆ ಮನೆ ಹತ್ತಿದೆ. ಊರು, ಸುತ್ತಲಿನ ನಾಲ್ಕು ಹಟ್ಟಿ, ಮೂರು ವರ್ಷದ ಹೆರಿಗೆ. "ಏನಮ್ಮಾ ಆಂಜಿನಮ್ಮ, ಆಪರೇಷನ್ನಿಗೆ ಹುಡುಕ್ತಾ ಬಂದ್ಯಾ?" ಅಂತ ಹೆಂಗಸರು ರೇಗಿಸಿದರು. "ಆಪರೇಷನ್ನೂ ಇಲ್ಲ ಏನೂ ಇಲ್ಲ, ನಿನ್ನ ಮಗಳು ಎಲ್ಲಿ ಹೆತ್ಲು ಅಷ್ಟು ಹೇಳು," ಅಂದರೆ ಕೂರಿಸಿ ಹಬ್ಬದ ಕಥೆ ಹೇಳಿದ ಹಾಗೆ ಹೇಳಿದರು. ಹದಿನೈದು ದಿನದಲ್ಲಿ ನನ್ನ ಪುಸ್ತಕದ ನಲವತ್ತೊಂದಕ್ಕೆ ಇನ್ನು ಐವತ್ತಾರು ಸೇರಿ ತೊಂಬತ್ತೇಳಾಯಿತು. ವರ್ಷಕ್ಕೆ ಮೂವತ್ತೆರಡರ ಮೇಲೆ. ಗಂಗುಲಮ್ಮನ ಮುಂದೆ ಪಟ್ಟಿ ಹಿಡಿದು, "ಉಳೀತು ಅತ್ತೆ ನಮ್ಮೂರು!" ಅಂತ ಕುಣಿದೆ.

ಅವಳು ಕುಣಿಯಲಿಲ್ಲ. "ಒಬ್ಳನ್ನ ಬಿಟ್ಟಿದೀಯ," ಅಂದಳು.

ನನಗೆ ಗೊತ್ತಿತ್ತು. ಬಿಟ್ಟಿದ್ದೇ ಬೇಕಂತ.

ಈಗ ಆ ವಿಷಯ ಹೇಳಿಬಿಡುತ್ತೇನೆ. ತೊಂಬತ್ತಮೂರರ ಕಾರ್ತಿಕ ಮಾಸ. ಶ್ಯಾಮಲಮ್ಮನನ್ನು ಗೌರಿಬಿದನೂರು ಕಡೆ ಕೊಟ್ಟಿದ್ದರು, ಚೊಚ್ಚಲ ಬಸುರಿ, ಎಂಟು ತುಂಬಿತ್ತು. ನಾನು ಆ ಬೀದಿಯಲ್ಲಿ ಆಪರೇಷನ್ನಿಗೆ ಒಪ್ಪಿದ ಒಬ್ಬಳನ್ನು ಹೊರಡಿಸಲು ಓಡಾಡುತ್ತಿದ್ದೆ. ತಿಂಗಳ ಕೊನೆ, ಗುರಿಗೆ ಒಂದು ಕೇಸು ಕಡಿಮೆ ಬಿದ್ದಿತ್ತು. ಕದಿರಮ್ಮ ಬಾಗಿಲಿಂದ ಕರೆದರು. ನಾನು ಮೆಟ್ಟಿಲಿಗೆ ಕಾಲಿಟ್ಟೆ. "ಅಲ್ಲೇ ಇರು, ಅಲ್ಲೇ ಇರು, ಮೇಲೆ ಬರ್ಬೇಡ, ಹುಳ ಹಣ್ಣಾಗವೆ," ಅಂದರು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಹೊರಗಿನವರನ್ನು ಹತ್ತಿರ ಬಿಡುವುದಿಲ್ಲ, ಅದು ನಿಜ. ಆದರೆ ಆ ಮನೆಯಲ್ಲಿ ಹುಳು ಇರಲಿ ಇಲ್ಲದಿರಲಿ ನನ್ನ ಜಾಗ ಮೆಟ್ಟಿಲ ಕೆಳಗೇ. ಹೆರಿಗೆಗೆ ಗಂಗುಲಮ್ಮನನ್ನು ಹಿತ್ತಿಲ ಬಾಗಿಲಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದರು, ಆಮೇಲೆ ಕೋಣೆ ತೊಳೆಯುತ್ತಿದ್ದರು. ಬಿಳಿ ಸೀರೆ ಉಟ್ಟು, ಸರ್ಕಾರದ ಚೀಲ ಹಿಡಿದ ನನಗೆ ಅದೂ ಇರಲಿಲ್ಲ.

"ಶ್ಯಾಮಲನ ಕಾಲು ಊದ್ಕೊಂಡೈತೆ, ಮುಖಾನೂ ಊದೈತೆ. ತಲೆನೋವು ಅಂತಾಳೆ. ಏನಂತ ಒಸಿ ನೋಡಮ್ಮ," ಅಂದರು.

ಆ ಹುಡುಗಿ ಕಂಬ ಹಿಡಿದು ನಿಂತಿದ್ದಳು. ಮುಖ ಉಬ್ಬಿ ಕಣ್ಣು ಸಣ್ಣಗಾಗಿದ್ದವು. ನನ್ನನ್ನು ನೋಡಿ ನಕ್ಕಳು. ಬಿ.ಪಿ. ಯಂತ್ರ ನನ್ನ ಚೀಲದಲ್ಲೇ ಇತ್ತು. ಐದು ನಿಮಿಷದ ಕೆಲಸ.

"ಅವಳು ನನ್ನ ಕೇಸಲ್ಲ ಕದಿರಮ್ಮನೋರೇ," ಅಂದೆ. "ಗಂಡನ ಊರಲ್ಲಿ ಕಾರ್ಡ್ ಆಗಿರ್ತದೆ. ಅಲ್ಲಿಯ ಸಿಸ್ಟರ್‌ನ ಕೇಳಿ." ಹಾಗೆ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ನಡೆದೆ. ರೂಲು ಹಾಗೇ ಇತ್ತು, ಸುಳ್ಳಲ್ಲ. ಆದರೆ ನಾನು ರೂಲಿಗಾಗಿ ಹಾಗಂದಿದ್ದಲ್ಲ.

ಮೂರನೆಯ ದಿನ ಅವಳಿಗೆ ಫಿಟ್ಸ್ ಬಂತು. ಅಪ್ಪ ನರಸಿಂಹಪ್ಪ ಗೂಡಿನ ರೇಟು ವಿಚಾರಿಸಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದರು, ನಾನು ಆಪರೇಷನ್ ಕೇಸಿನ ಜೊತೆ ಕ್ಯಾಂಪಿನಲ್ಲಿದ್ದೆ. ಊರಿನವರು ಗಂಗುಲಮ್ಮನನ್ನು ಕರೆದರು, ಅವಳು ನೋಡಿದ ಕೂಡಲೇ "ಇದು ನನ್ನ ಕೈಯಲ್ಲಾಗಲ್ಲ, ಗಾಡಿ ನೋಡ್ರಪ್ಪಾ," ಅಂತ ಬಡಕೊಂಡಳು. ಟೆಂಪೊ ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಚಿಂತಾಮಣಿ ಇನ್ನೂ ಆರು ಮೈಲಿ ಇರುವಾಗ ತಾಯಿ, ಮಗು ಎರಡೂ ಹೋದವು. ಆಮೇಲೆ ಮೇಲಿನ ಬೀದಿಯವರು ಗಂಗುಲಮ್ಮನ ಕೈಗುಣ ಸರಿಯಿಲ್ಲ ಅಂದರು. ಆ ಬೀದಿಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ನಾನು ಮೆಟ್ಟಿಲ ಬಳಿ ಆಡಿದ ಮಾತನ್ನು ಆ ಹೊತ್ತು ಅದೇ ಮನೆಯ ಪಕ್ಕದಲ್ಲಿ ಭತ್ತ ಕೇರುತ್ತಿದ್ದ ಗಂಗುಲಮ್ಮ ಕೇಳಿಸಿಕೊಂಡಿದ್ದಳು. ಮೂರು ವರ್ಷ ಒಬ್ಬರಿಗೂ ಹೇಳಲಿಲ್ಲ. ಆ ಉಪಕಾರ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಪಟ್ಟಿ ಹಿಡಿದುಕೊಂಡು ಮೊದಲು ಡಾಕ್ಟರ ಹತ್ತಿರ ಹೋದೆ. ಅವರು ಖುಷಿಯಿಂದ ಮೇಜು ಕುಟ್ಟಿದರು. ಸತ್ತ ಬಾಣಂತಿಯರ ಕಾಲಂ ನೋಡಿ, "ಯಾರೂ ಇಲ್ವಾ?" ಅಂದರು.

"ಒಬ್ಬಳಿದ್ದಾಳೆ ಸಾರ್."

ಅವರು ನನ್ನ ಮುಖ ನೋಡಿದರು. "ಬರೀಬೇಡಿ. ಬರೆದ್ರೆ ವಿಚಾರಣೆ ಅಂತಾರೆ, ನರ್ಸ್ ಯಾರು ಅಂತಾರೆ. ಹೆರಿಗೆ ಸಂಖ್ಯೆ ಸಾಕು, ಊರು ಉಳೀತದೆ. ನಿಮ್ಮ ಸರ್ವೀಸೂ ಉಳೀಲಿ. ಸಹಿ ಮಾಡಿಸ್ಕೊಂಡು ಬನ್ನಿ."

ಒಳ್ಳೆಯ ಮನುಷ್ಯ ಅವರು. ಒಳ್ಳೆಯದಕ್ಕೇ ಹೇಳಿದರು. ನಾನೂ ಒಳಗೊಳಗೇ ಅವರು ಹಾಗೆ ಹೇಳಲಿ ಅಂತಲೇ ಕಾದಿದ್ದೆ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ. ಕಾಲಂ ಖಾಲಿ ಬಿಟ್ಟು ಕದಿರಮ್ಮನ ಮನೆಗೆ ಹೋದೆ.

ಸಂಜೆ ನಾಲ್ಕರ ಹೊತ್ತು. ಕದಿರಮ್ಮ ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತು ವಿಷಯ ಹೇಳಿದೆ. ಊರಿಗೆ ಹೆರಿಗೆ ಕೋಣೆ ಬರುತ್ತದೆ, ಇಲ್ಲದಿದ್ದರೆ ಇರುವುದೂ ಹೋಗುತ್ತದೆ, ನಿಮ್ಮ ಸಹಿ ಬೇಕು.

"ಓದು," ಅಂದರು. "ನಂಗೆ ಸಹಿ ಮಾಡಕ್ಕೆ ಬರ್ತದೆ, ಓದಕ್ಕೆ ಬರಲ್ಲ. ಕಾರ್ಯದರ್ಶಿ ಹೇಳಿದ ಕಡೆಯೆಲ್ಲ ಹೆಬ್ಬೆಟ್ಟಿನ ಹಂಗೆ ಸಹಿ ಒತ್ತಿ ಒತ್ತಿ ನಾಚ್ಕೆ ಆಗೋಗಿದೆ. ಇದನ್ನ ಪೂರ್ತಿ ಓದು."

ಓದಿದೆ. ಬೀದಿ ಬೀದಿಯಾಗಿ, ಮನೆ ಮನೆಯಾಗಿ, ಹೆತ್ತವಳ ಹೆಸರು, ಅವಳಪ್ಪನ ಹೆಸರು, ಗಂಡೋ ಹೆಣ್ಣೋ. ಕದಿರಮ್ಮ ಒಂದೊಂದು ಹೆಸರಿಗೂ "ಹೂಂ," "ಹೌದು, ಅವಳಿಗೆ ಕಷ್ಟ ಆಗಿತ್ತು," ಅನ್ನುತ್ತಾ ಕಾಯಿ ಸುಲಿಯುತ್ತಿದ್ದರು. ಅವರದೇ ಮೇಲಿನ ಬೀದಿ ಬಂತು. ಪಕ್ಕದ ಮನೆ ಓದಿದೆ. ಆಚೆ ಮನೆ ಓದಿದೆ.

ಅವರ ಕೈ ನಿಂತಿತು. "ನಮ್ಮನೆ?"

ನಾನು ಮುಂದಿನ ಮನೆಯ ಗೆರೆಗೆ ಬೆರಳಿಟ್ಟೆ.

"ನಮ್ಮ ಶ್ಯಾಮಲ ಹೆರಿಗೆಗೆ ಬಂದಿರ್ಲಿಲ್ವಾ? ಅವಳ ಹೆಸ್ರು ಯಾಕಿಲ್ಲ? ಗಂಡನ ಮನೆ ಪಟ್ಟೀಲೂ ಇಲ್ಲ ಅಂತಾರೆ, ನಮ್ಮ ರೇಷನ್ ಕಾರ್ಡಿಂದ್ಲೂ ತೆಗೆದಿದ್ದಾರೆ. ಹಂಗಾರೆ ನಾನು ಯಾರನ್ನ ಹೆತ್ತಿದ್ದು?" ದನಿ ಏರಿತು. "ಅಲ್ಲೇ ಬಿಟ್ಟಿದ್ರೆ ಅಲ್ಲಿಯ ನರ್ಸು ನೋಡ್ಕೋತಿದ್ಲು, ನೀವು ಕರ್ಕೊಂಡೋಗಿ ಕೊಂದ್ರಿ ಅಂತ ಬೀಗ್ತಿ ಹೆಣದ ಮುಂದೇನೇ ಅಂದ್ಲು. ಮೂರು ವರ್ಷದಿಂದ ನಾನು ಅನ್ನ ತಿಂದಿದ್ದು ಅನ್ನದಂಗಿಲ್ಲ. ನೀನೂ ಅವಳನ್ನ ಬಿಟ್ಟುಬಿಡ್ತೀಯಾ?"

ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. "ನೀವು ಕೊಂದಿದ್ದಲ್ಲಮ್ಮಾ," ಅಂದೆ. "ಗಂಗುಲಮ್ಮನೂ ಅಲ್ಲ. ಆವತ್ತು ನೀವು ನನ್ನ ಕರೆದ್ರಿ, ನೆನಪೈತಾ? ಮುಖ ಊದಿರೋದು ಕಂಡೇ ನಂಗೆ ಗೊತ್ತಾಯ್ತು. ಬಿ.ಪಿ. ನೋಡಿ ಆವತ್ತೇ ಆಸ್ಪತ್ರೆಗೆ ಕಳಿಸಿದ್ರೆ ಉಳೀತಿದ್ಲೇನೋ. ಯಂತ್ರ ಚೀಲದಲ್ಲೇ ಇತ್ತು. ನಾನು ನೋಡ್ಲಿಲ್ಲ."

ಅವರ ಮಡಿಲಿಂದ ಮೊರ ಜಾರಿ ಕಾಳು ಚೆಲ್ಲಿದವು. "ನಿನ್ನ ಕೇಸಲ್ಲ ಅಂದೆ ನೀನು. ನಾನು ಕಾನೂನು ಇರ್ಬೇಕು ಅನ್ಕೊಂಡೆ."

"ಕಾನೂನೂ ಇತ್ತು. ಆದ್ರೆ ನಾನು ಸಿಟ್ಟಿಗೆ ಅಂದಿದ್ದು. ನನ್ನ ಕೆಳಗೆ ನಿಲ್ಲಿಸಿದ್ರಲ್ಲ, ಆ ಸಿಟ್ಟಿಗೆ."

"ಹುಳ ಹಣ್ಣಾಗಿತ್ತು ಕಣೇ!" ಕದಿರಮ್ಮ ಕೂಗಿದರು. "ನನ್ನ ಸ್ವಂತ ತಂಗೀನ ಆವತ್ತು ಒಳಗೆ ಬಿಟ್ಟಿರ್ಲಿಲ್ಲ! ಹುಳಕ್ಕೆ ಅಂದಿದ್ದು ನಿಂಗೆ ಅಂದಂಗಾಯ್ತಾ?"

"ಹುಳ ಇಲ್ಲದ ದಿನ ಬಿಟ್ಟಿದ್ರಾ ಅಮ್ಮಾ?"

ನಾನು ಜಗಳಕ್ಕೆ ಕೇಳಲಿಲ್ಲ. ನನಗೆ ಉತ್ತರ ಬೇಕಿತ್ತು. ಆ ದಿನ ಅವರು ಹೇಳಿದ್ದು ನಿಜವಾಗಿ ಹುಳುವಿಗೇ ಇರಬಹುದು ಅನ್ನುವುದು ಮೂರು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಕದಿರಮ್ಮ ಸೆರಗು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತರು. ನಾನೂ ನಿಂತಲ್ಲೇ ಅತ್ತೆ. ಸಮಾಧಾನ ಮಾಡುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ.

ಕೊನೆಗೆ ಅವರು ಕಣ್ಣೊರೆಸಿಕೊಂಡು, "ಬರಿ," ಅಂದರು.

"ಏನಂತ?"

"ಶ್ಯಾಮಲಮ್ಮ. ಅಪ್ಪ ನರಸಿಂಹಪ್ಪ. ಹತ್ತೊಂಬತ್ತು ವರ್ಷ. ಹೆರಿಗೆಗೆ ಅಂತ ಎರ್ರಕೋನಪಲ್ಲಿಗೆ ಬಂದಿದ್ಲು ಅಂತ ಬರಿ. ಮಗೂನೂ ಹೋಯ್ತು ಅಂತ ಬರಿ. ಕಾರಣ ಕೇಳ್ತಾರಾ ಅದ್ರಲ್ಲಿ?"

"ಕೇಳ್ತಾರೆ."

"ನರ್ಸು ನೋಡ್ಲಿಲ್ಲ ಅಂತ ಬರಿ. ನಿನ್ನ ಕೈಯಲ್ಲೇ ಬರಿ."

ಮೆಟ್ಟಿಲ ಮೇಲೆ ಹಾಳೆ ಇಟ್ಟು ಬರೆದೆ. ಅಕ್ಷರ ಸೊಟ್ಟ ಬಂದವು. ಡಾಕ್ಟರ ಮಾತು, ವಿಚಾರಣೆ, ಸಂಬಳ ಎಲ್ಲ ನೆನಪಾದವು, ಹೆದರಿಕೆಯೂ ಆಯಿತು, ಆದರೂ ಬರೆದೆ. ಪಟ್ಟಿಯಲ್ಲಿ ಹೆಸರು ತೊಂಬತ್ತೆಂಟು. ತಾಯಿ ಸಾವು ಒಂದು. ಆಮೇಲೆ ಕೊನೆಯ ಪುಟ ತಿರುಗಿಸಿ, 'ನಿಮ್ಮ ಸಲಹೆ' ಅನ್ನುವಲ್ಲಿ, ಬಸುರಿ ಹೆಂಗಸು ಈ ಹೊತ್ತು ಯಾವ ಊರಿನಲ್ಲಿ ಮಲಗುತ್ತಾಳೋ ಆ ಊರಿನ ನರ್ಸು ಅವಳನ್ನು ನೋಡಬೇಕು, ಗಂಡನ ಊರು ಯಾವುದಾದರೂ ಸರಿ, ಇದಕ್ಕೆ ಪ್ರತ್ಯೇಕ ಪುಸ್ತಕ ಕೊಡಬೇಕು ಅಂತ ಬರೆದೆ. ಎರಡನ್ನೂ ಓದಿ ಹೇಳಿದೆ. ಕದಿರಮ್ಮ ಎರಡೆರಡು ಸಲ ಓದಿಸಿಕೊಂಡರು.

ಪೆನ್ನು ಈಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಯಾವತ್ತೂ ಮೆಟ್ಟಿಲ ಮೇಲಿಡುತ್ತಿದ್ದವರು ಹಾಳೆಯನ್ನು ಈ ಸಲ ನನ್ನ ಕೈಗೇ ಕೊಟ್ಟರು.

"ಹೆರಿಗೆ ಕೋಣೆ ಬರ್ಲಿ," ಅಂದರು. "ಕೋಲಾರದವ್ರು ಕೊಡದಿದ್ರೆ ನಾನೇ ಹೋಗಿ ಬಾಗಿಲಲ್ಲಿ ಕೂರ್ತೀನಿ. ಬೇರೆ ನರ್ಸು ಬರ್ಲಿ, ಯಾವ ಜಾತಿಯೋಳಾದ್ರೂ ಸರಿ, ನಮ್ಮನೆ ಒಳಗೆ ಕೂರಿಸಿ ನೀರು ಕೊಡ್ತೀನಿ. ನೀನು ಮಾತ್ರ ಆ ಕೋಣೇಲಿ ಇರ್ಬೇಡ ಆಂಜಿನಮ್ಮ. ನಂಗೆ ನೋಡಕ್ಕಾಗಲ್ಲ."

ಹೂಂ ಅಂದೆ.

ಯೋಜನೆಯ ಹಾಳೆಯ ಜೊತೆಗೆ ನನ್ನ ವರ್ಗಾವಣೆ ಅರ್ಜಿಯನ್ನೂ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಸಾವಿನ ಕಾರಣದ ಕಾಲಂ ಓದಿ ತಲೆ ಮೇಲೆ ಕೈ ಹೊತ್ತು ಕೂತರು, ಆದರೆ ಹರಿಯಲಿಲ್ಲ, ಹಾಗೇ ಮೇಲಕ್ಕೆ ಕಳಿಸಿದರು. ವಿಚಾರಣೆ ನಡೆಯಿತು. ಎರಡು ಇಂಕ್ರಿಮೆಂಟ್ ತಡೆದರು, ನಂದಿ ಕಡೆಯ ಒಂದು ಉಪಕೇಂದ್ರಕ್ಕೆ ಹಾಕಿದರು. ಪ್ರತ್ಯೇಕ ಪುಸ್ತಕದ ಸಲಹೆಗೆ ಇವತ್ತಿನವರೆಗೂ ಉತ್ತರವಿಲ್ಲ. ಇಲ್ಲಿ ನಾನೇ ಅಂಗಡಿಯಿಂದ ನೋಟ್‌ಬುಕ್ ತಂದು ಗೆರೆ ಹಾಕಿಕೊಂಡು ಬರೆಯುತ್ತೇನೆ. ಮನೆಗೆ ಮಗಳು ಬಂದ ಸುದ್ದಿ ಕಿವಿಗೆ ಬಿದ್ದರೆ ಕರೆಯುವ ತನಕ ಕಾಯುವುದಿಲ್ಲ.

ಎರ್ರಕೋನಪಲ್ಲಿಯಲ್ಲಿ ಹೆರಿಗೆ ಕೋಣೆ ತೊಂಬತ್ತೆಂಟರಲ್ಲಿ ಮುಗಿಯಿತು. ಹೊಸ ಸಿಸ್ಟರ್ ಬಂದಿದ್ದಾಳಂತೆ, ಗಂಗುಲಮ್ಮನನ್ನು ಕದಿರಮ್ಮನೇ ಕರೆಸಿ ಅವಳ ಜೊತೆಗೆ ಕೂರಿಸಿದ್ದಾರಂತೆ. ಮೊದಲ ಹೆರಿಗೆ ನಲ್ಲಪ್ಪನ ಕೊನೇ ಮಗಳದು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಗಂಗುಲಮ್ಮ ಸಂತೆಗೆ ಬಂದವರ ಕೈಲಿ ಹೇಳಿಕಳಿಸಿದಳು. ಕೇಳಿ ಸುಮ್ಮನಿರಲು ಆಗಲಿಲ್ಲ. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಗುವಿಗೆ ಒಂದು ಕುಲಾವಿ ತೆಗೆದುಕೊಂಡು ಬಸ್ಸು ಹತ್ತಿದೆ. ಚಿಂತಾಮಣಿಯಲ್ಲಿ ಇಳಿದು, ಎರ್ರಕೋನಪಲ್ಲಿ ಬಸ್ಸು ಬಂದು ನಿಂತಿದ್ದನ್ನು ನೋಡಿದೆ. ನಂಗೆ ನೋಡಕ್ಕಾಗಲ್ಲ ಅಂದ ಕದಿರಮ್ಮನ ಮಾತು ನೆನಪಾಯಿತು. ಅದು ಹೊರಟುಹೋದ ಮೇಲೆ ವಾಪಸ್ಸು ಬಂದೆ.